ಕಿಟಕಿ ಟೇಬಲ್ಲಿನ ಮಂಜು

ಆ ರೆಸ್ಟೋರೆಂಟಿಗೆ ಜನ ಬರುತ್ತಿದ್ದುದೇ ಕಿಟಕಿಗಾಗಿ. ಕಿಟಕಿಯಲ್ಲಿ ಏನೂ ಕಾಣುತ್ತಿಲ್ಲ ಎಂಬ ದೂರು ನಮ್ಮ ಕಚೇರಿಗೆ ಬಂದದ್ದು ಜುಲೈ ತಿಂಗಳ ಮೊದಲ ವಾರ. ಹಲಸೂರು ಕೆರೆಗೆ ಹತ್ತಿರದ ದೊಡ್ಡ ಹೋಟೆಲೊಂದರ ಹನ್ನೆರಡನೇ ಮಹಡಿಯಲ್ಲಿ ಚೈನೀಸ್ ರೆಸ್ಟೋರೆಂಟ್ ತೆರೆದು ಆಗ ನಾಲ್ಕು ತಿಂಗಳಾಗಿತ್ತು. ಒಂದು ಬದಿಯ ಗೋಡೆ ಪೂರ್ತಿ ಗಾಜು. ಅದರಗುಂಟ ಹತ್ತು ಟೇಬಲ್ಲು. ಅಲ್ಲಿ ಕೂತರೆ ಕೆಳಗೆ ಕೆರೆ, ಅದರಾಚೆ ಇಂದಿರಾನಗರದ ದೀಪ, ಮೋಡವಿಲ್ಲದಿದ್ದರೆ ಆಗಿನ್ನೂ ಹೊಸದಾಗಿದ್ದ ಕೆ.ಆರ್. ಪುರದ ತೂಗುಸೇತುವೆಯ ತಂತಿಗಳೂ ಕಾಣುತ್ತವೆ ಎಂದು ಹೋಟೆಲಿನವರು ಹೇಳಿಕೊಳ್ಳುತ್ತಿದ್ದರು. ಮಳೆಗಾಲ ಶುರುವಾದ ಮೇಲೆ ಸಂಜೆಯ ಹೊತ್ತು ಗಾಜಿನ ತುಂಬ ಮಂಜು ಕೂರತೊಡಗಿತು. ಆ ಹೋಟೆಲಿನ ಏರ್ ಕಂಡೀಷನಿಂಗ್ ನೋಡಿಕೊಳ್ಳುವ ಕೆಲಸ ನಮ್ಮ ಕಂಪನಿಯದು. ಸರ್ವಿಸ್ ಇಂಜಿನಿಯರ್ ನಾನು. ಹಾಗಾಗಿ ಮಂಜು ನನ್ನ ತಲೆಗೆ ಬಂತು.

ನನ್ನ ಜೊತೆ ಕೆಲಸಕ್ಕೆ ಬರುತ್ತಿದ್ದವರು ನಮ್ಮ ಹಿರಿಯ ಮೆಕ್ಯಾನಿಕ್. ಮಾಸ್ಕ್ ರೋಡಿನ ಹಿಂದಿನ ಗಲ್ಲಿಯವರು. ಶಿವಾಜಿನಗರದ ನಮ್ಮ ಕಚೇರಿಯಲ್ಲಿ ಎಲ್ಲರೂ ಅವರನ್ನು ಭಾಯ್ ಅಂತಲೇ ಕರೆಯುವುದು. ನಾನು ಡಿಪ್ಲೊಮಾ ಮುಗಿಸಿ ಚಿತ್ರದುರ್ಗದಿಂದ ಬಂದಾಗ ಸ್ಪ್ಯಾನರ್ ಹಿಡಿಯುವುದನ್ನು ಕಲಿಸಿದವರು ಅವರೇ. ನಾನು ಇಂಜಿನಿಯರ್ ಆದದ್ದರಿಂದ ನನ್ನನ್ನು ಮೇಡಂ ಅನ್ನುತ್ತಿದ್ದರು. ನಾನು ತಪ್ಪು ಮಾಡಿದಾಗ ಮಾತ್ರ ಆ ಮೇಡಂ ಸ್ವಲ್ಪ ಉದ್ದವಾಗುತ್ತಿತ್ತು.

ಹೋಟೆಲಿನ ಕಾಯಿದೆ ಬಹಳ ಬಿಗಿ. ಹೊರಗಿನ ಕಂಪನಿಯ ಕೆಲಸಗಾರರು ಬೆಳಿಗ್ಗೆ ಎಂಟರಿಂದ ಹನ್ನೆರಡರವರೆಗೆ ಮಾತ್ರ ಒಳಗಿರಬೇಕು, ಸಾಮಾನು ಸಾಗಿಸುವ ಲಿಫ್ಟನ್ನೇ ಬಳಸಬೇಕು, ಊಟದ ಹೊತ್ತಿಗೆ ಯಾರ ಕಣ್ಣಿಗೂ ಬೀಳಬಾರದು. ಮೊದಲ ದಿನ ನಾವು ಹೋದಾಗ ಬೆಳಗಿನ ಬಿಸಿಲಿನಲ್ಲಿ ಗಾಜು ತೊಳೆದಿಟ್ಟ ಲೋಟದ ಹಾಗಿತ್ತು. ಮಂಜಿನ ಸುಳಿವೇ ಇರಲಿಲ್ಲ.

ರೆಸ್ಟೋರೆಂಟಿನ ಮ್ಯಾನೇಜರ್ ಕೋಟಿನ ಗುಂಡಿ ಹಾಕಿಕೊಳ್ಳುತ್ತಾ ಬಂದರು.

"ಈಗ ಏನೂ ಇಲ್ವಲ್ಲ ಸಾರ್," ಎಂದೆ.

"ಈಗ ಇರಲ್ಲ ಮೇಡಂ. ಡಿನ್ನರ್ ಟೈಮಲ್ಲಿ ಬರತ್ತೆ. ಎಲ್ಲಾ ದಿನಾನೂ ಅಲ್ಲ. ಗೆಸ್ಟ್ ಕೇಳ್ತಾರೆ, ಲೇಕ್ ಎಲ್ಲಿ ಅಂತ. ನಾನೇನು ಫೋಟೋ ತೋರಿಸ್ಲಾ?"

"ಯಾರಾದ್ರೂ ಒರೆಸಿ ನೋಡಿದಾರಾ?"

"ಗೆಸ್ಟ್ ಊಟ ಮಾಡ್ತಿರೋವಾಗ ಅವ್ರ ತಲೆ ಮೇಲೆ ಕೈ ಹಾಕಿ ಒರೆಸೋಕಾಗತ್ತಾ? ಕ್ಲೀನಿಂಗ್ ಎಲ್ಲಾ ಬೆಳಿಗ್ಗೇನೇ."

ಅದೂ ನಿಜವೇ. ಟೇಬಲ್ಲಿಗೂ ಗಾಜಿಗೂ ನಡುವೆ ಎರಡಡಿ ಅಗಲದ ಗಿಡಗಳ ಕಟ್ಟೆಯಿತ್ತು. ಗಾಜಿನ ಬುಡದಲ್ಲಿ, ಗಿಡಗಳ ಹಿಂದೆ, ತಣ್ಣನೆಯ ಗಾಳಿ ಮೇಲಕ್ಕೆ ಬರುವ ಉದ್ದನೆಯ ಸೀಳು. ನಾನು ಸುತ್ತಲೂ ನೋಡಿದೆ. ಒಂದು ಮೂಲೆಯಲ್ಲಿ ಬಿದಿರಿನ ಬುಟ್ಟಿಗಳಲ್ಲಿ ಡಿಮ್ಸಮ್ ಎಂಬ ಚೈನೀಸ್ ಕಡುಬನ್ನು ಹಬೆಯಲ್ಲಿ ಬೇಯಿಸುವ ತೆರೆದ ಅಡುಗೆ ಕಟ್ಟೆ. ಊಟದ ಹೊತ್ತಿಗೆ ಪ್ರತಿ ಟೇಬಲ್ಲಿಗೂ ಹಬೆಯಾಡುವ ಸೂಪು ಬೇರೆ. ಇಷ್ಟು ಹಬೆ ಒಳಗಿದ್ದರೆ ಗಾಜು ಮಂಜಾಗದೆ ಇನ್ನೇನಾದೀತು? ಐದು ನಿಮಿಷದಲ್ಲಿ ನನಗೆ ಕಾರಣ ಹೊಳೆದುಬಿಟ್ಟಿತು. ಈಗ ಯೋಚಿಸಿದರೆ ಆ ಐದು ನಿಮಿಷದ ಮೇಲೆ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ.

ಊಟದ ಹಾಲ್‌ನ ಗಾಳಿಯನ್ನು ಹೆಚ್ಚು ತಣ್ಣಗೆ ಮಾಡಿದರೆ ಅದರಲ್ಲಿನ ನೀರಿನ ಅಂಶ ಯಂತ್ರದ ಕೊಳವೆಗಳ ಮೇಲೆ ಇಳಿದುಹೋಗುತ್ತದೆ, ಗಾಳಿ ಒಣಗುತ್ತದೆ. ಪುಸ್ತಕದ ಲೆಕ್ಕ. ಒಂದು ಹಾಳೆಯಲ್ಲಿ ದಪ್ಪ ಅಕ್ಷರದಲ್ಲಿ ಬರೆದೆ: "ಗಾಜಿನ ಮೇಲೆ ಮಂಜು ಕಂಡರೆ ಉಷ್ಣಾಂಶವನ್ನು ಎರಡು ಡಿಗ್ರಿ ಇಳಿಸಿ. ಹೋಗದಿದ್ದರೆ ಮತ್ತೆ ಎರಡು ಡಿಗ್ರಿ ಇಳಿಸಿ." ಕೆಳಗೆ ಸಹಿ, ಕಂಪನಿಯ ಮೊಹರು. ನೆಲಮಾಳಿಗೆಯ ಎಸಿ ಪ್ಲಾಂಟಿನಲ್ಲಿದ್ದ ಬೆಳಗಿನ ಪಾಳಿಯವನ ಕೈಗೆ ಕೊಟ್ಟು, ಗೋಡೆಗೆ ಅಂಟಿಸಿ ಸಂಜೆ ಪಾಳಿಯವರಿಗೆ ತೋರಿಸಲು ಹೇಳಿದೆ. ಸಂಜೆ ಪಾಳಿಯ ಆಪರೇಟರ್ ಎರಡು ಗಂಟೆಗೆ ಬರುತ್ತಿದ್ದರು. ನಾವು ಹನ್ನೆರಡಕ್ಕೆ ಹೊರಗೆ. ಮುಖ ನೋಡುವ ಪ್ರಶ್ನೆಯೇ ಇರಲಿಲ್ಲ.

ಮೂರು ದಿನಕ್ಕೆ ಫೋನ್ ಬಂತು. ಮಂಜು ಹೆಚ್ಚಾಗಿದೆಯಂತೆ.

ಸರಿ, ಅಡುಗೆಮನೆಯ ಹಬೆ ಹಾಲಿಗೆ ನುಗ್ಗುತ್ತಿರಬೇಕು ಎಂದು ಅಲ್ಲಿಗೆ ಹೋದೆವು. ಒಲೆಗಳ ಹೊಗೆ ಎಳೆಯುವ ದೊಡ್ಡ ಫ್ಯಾನು ಎಷ್ಟು ಗಾಳಿ ಹೊರಗೆ ಹಾಕುತ್ತದೋ ಹೆಚ್ಚುಕಡಿಮೆ ಅಷ್ಟು ಹೊಸ ಗಾಳಿ ಒಳಗೆ ಬರಬೇಕು. ಬರುತ್ತಿರಲಿಲ್ಲ, ಹಾಗಾಗಿ ಫ್ಯಾನು ಹಬೆಯನ್ನು ಪೂರ್ತಿ ಎಳೆಯುತ್ತಿರಲಿಲ್ಲ. ಭಾಯ್ ಏಣಿ ಹತ್ತಿ ಹೊಸ ಗಾಳಿಯ ಕಿಂಡಿಯೊಳಗೆ ಕೈ ಹಾಕಿದರು. ಒಂದಾದ ಮೇಲೊಂದು ಮೂರು ಮೈದಾ ಚೀಲ ಹೊರಗೆ ಬಂದವು. ಆ ಗಾಳಿ ನೇರವಾಗಿ ಒಲೆಗೆ ಬಡಿದು ಉರಿ ಅಲುಗಾಡುತ್ತದೆ ಎಂದು ಬಾಣಸಿಗರೇ ತುರುಕಿದ್ದರು. ಕಿತ್ತು ಹಾಕಿದೆವು. ಮರುದಿನ ಹೋದರೆ ಚೀಲಗಳು ಮತ್ತೆ ಅಲ್ಲೇ. ಮತ್ತೆ ಕಿತ್ತೆವು, ಮತ್ತೆ ತುರುಕಿದರು. ಕೊನೆಗೆ ದೊಡ್ಡನೆಕ್ಕುಂದಿಯ ಶೆಡ್ ಒಂದರಲ್ಲಿ ತಗಡು ಬಗ್ಗಿಸಿಕೊಂಡು ತಂದು, ಗಾಳಿ ಒಲೆಗೆ ಬಡಿಯದೆ ಗೋಡೆಯ ಕಡೆ ತಿರುಗುವ ಹಾಗೆ ಕೂರಿಸಿದೆವು. ಆ ಕೆಲಸಕ್ಕೇ ಒಂದು ವಾರ ಹಿಡಿಯಿತು. ಹಾಲಿಗೂ ಅಡುಗೆಮನೆಗೂ ನಡುವಿನ ಬಾಗಿಲ ಸಂದಿಗೆ ಊದುಬತ್ತಿ ಹಿಡಿದು ನೋಡಿದೆ. ಹೊಗೆ ಹಾಲಿನಿಂದ ಅಡುಗೆಮನೆಯ ಕಡೆಗೆ ಹೋಯಿತು. ಅಡುಗೆಮನೆಯ ಹಬೆ ಇನ್ನು ಹಾಲಿಗೆ ಬರುವ ಹಾಗಿಲ್ಲ. ಮನೆಗೆ ಹೋಗುವ ಬಸ್ಸಿನಲ್ಲಿ ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಮರುದಿನ ಬೆಳಿಗ್ಗೆ ಮ್ಯಾನೇಜರ್ ಬಾಗಿಲಲ್ಲೇ ನಿಂತಿದ್ದರು.

"ಮೇಡಂ, ನಿನ್ನೆ ಒಂದು ಫ್ಯಾಮಿಲಿ ಎದ್ದು ಹೋದ್ರು. ಅಜ್ಜಿಗೆ ಎಂಬತ್ತು ತುಂಬಿತ್ತಂತೆ. ಕಿಟಕಿ ಟೇಬಲ್ ಬೇಕು ಅಂತ ಹತ್ತು ದಿನ ಮುಂಚೆ ಬುಕ್ ಮಾಡಿದ್ರು. ಗೋಡೆ ನೋಡ್ಕೊಂಡು ಊಟ ಮಾಡೋಕೆ ಇಲ್ಲಿಗ್ಯಾಕೆ ಬರ್ಬೇಕು ಅಂದ್ರು. ಏನು ಹೇಳ್ಲಿ?"

ನನಗೆ ಉರಿದುಹೋಯಿತು. ಮೈಯೆಲ್ಲ ಮೈದಾ, ಎಣ್ಣೆ ಜಿಡ್ಡು ಮಾಡಿಕೊಂಡು ವಾರ ದುಡಿದಿದ್ದೇನೆ. ಪುಸ್ತಕದ ಪ್ರಕಾರ ಎಲ್ಲ ಸರಿಯಿದೆ. ತಪ್ಪು ನನ್ನದಲ್ಲ ಅಂದ ಮೇಲೆ ಯಾರದೋ ಇರಲೇಬೇಕಲ್ಲ.

"ನಿಮ್ಮ ಸಂಜೆ ಪಾಳಿ ಆಪರೇಟರ್ ನಾನು ಬರ್ದಿರೋ ಪ್ರಕಾರ ಮಾಡ್ತಿಲ್ಲ ಸಾರ್," ಎಂದೆ. "ಮಾಡಿದ್ರೆ ಮಂಜು ಬರೋಕೆ ಚಾನ್ಸೇ ಇಲ್ಲ."

ಎರಡು ದಿನದ ನಂತರ ಮ್ಯಾನೇಜರ್ ಸಮಾಧಾನದ ದನಿಯಲ್ಲಿ ಫೋನ್ ಮಾಡಿದರು. ಆಪರೇಟರಿಗೆ ಮೆಮೋ ಕೊಟ್ಟಾಗಿದೆ. ಶನಿವಾರದೊಳಗೆ ಲಿಖಿತ ಉತ್ತರ ಕೊಡಬೇಕು. ಸರಿಯಾದ ಉತ್ತರ ಇಲ್ಲದಿದ್ದರೆ ಸೋಮವಾರದಿಂದ ಕೆಲಸಕ್ಕೆ ಬರುವುದು ಬೇಡ. ಅವರು ವರ್ಷ ವರ್ಷ ಮುಂದುವರಿಸುವ ಗುತ್ತಿಗೆಯ ನೌಕರರು, ಅಷ್ಟಕ್ಕೆ ಯಾರೂ ಕೇಳುವವರಿಲ್ಲ.

ಭಾಯ್‌ಗೆ ಹೇಳಿದೆ. ಅವರು ಹತ್ತಿಯ ಚೂರಿನಿಂದ ಕೈ ಒರೆಸಿಕೊಳ್ಳುತ್ತಿದ್ದರು.

"ಆ ಮನುಷ್ಯನ್ನ ನೀವು ನೋಡಿದೀರಾ ಮೇಡಂ?"

"ಇಲ್ಲ."

"ಮಂಜು ನೋಡಿದೀರಾ?"

"ಇಲ್ಲ."

"ಹಂಗಾದ್ರೆ ಮೆಮೋ ಹೆಂಗೆ ಮೇಡಂ?"

ಆ ಮೇಡಂ ಉದ್ದವಾಗಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ ಎಂದು ನಮ್ಮೂರಲ್ಲಿ ಹೇಳುತ್ತಾರೆ. ಬರೆ ಎಳೆದದ್ದಾಗಿತ್ತು, ಜ್ವರ ಯಾರಿಗೆ ಎಂಬುದೇ ನನಗೆ ಗೊತ್ತಿರಲಿಲ್ಲ. ಆ ಗಳಿಗೆಯಿಂದ ಮಂಜಿಗಿಂತ ಆ ಕಾಣದ ಮನುಷ್ಯನೇ ನನ್ನನ್ನು ಹೆಚ್ಚು ಕಾಡತೊಡಗಿದ.

ಸಂಜೆ ಹಾಲಿಗೆ ಬಿಡಿ ಎಂದು ಮ್ಯಾನೇಜರನ್ನು ಕೇಳಿದೆ. ಟೂಲ್ ಬ್ಯಾಗ್ ಹಿಡಿದವರನ್ನು ಡಿನ್ನರ್ ಹೊತ್ತಿಗೆ ಬಿಟ್ಟರೆ ತನ್ನ ಕೆಲಸ ಹೋಗುತ್ತದೆ ಎಂದರು. ಮತ್ತೆ ಕೇಳಿದೆ. ಮತ್ತೆ ಅದೇ ಉತ್ತರ. ಮಂಜು ಬರುವ ಹೊತ್ತಿಗೆ ಇಂಜಿನಿಯರ್ ಇರಬಾರದು, ಇಂಜಿನಿಯರ್ ಇರುವ ಹೊತ್ತಿಗೆ ಮಂಜು ಇರುವುದಿಲ್ಲ. ಇಂಥ ಕಡೆ ಯಾರು ತಾನೇ ಏನು ರಿಪೇರಿ ಮಾಡಿಯಾರು? ಫೋನ್ ಕುಕ್ಕಿದೆ. ಆಮೇಲೆ ಮತ್ತೆ ಅದನ್ನೇ ಎತ್ತಿ, ಆ ರೆಸ್ಟೋರೆಂಟಿನ ಬುಕಿಂಗ್ ನಂಬರಿಗೆ ಮಾಡಿದೆ. ಶುಕ್ರವಾರ ಸಂಜೆ ಏಳಕ್ಕೆ, ಇಬ್ಬರಿಗೆ, ಕಿಟಕಿ ಪಕ್ಕದ ಟೇಬಲ್.

ಶುಕ್ರವಾರ ಮಧ್ಯಾಹ್ನ ಮಳೆ ಸುರಿದು ನಿಂತಿತ್ತು. ನಾನು ಅಕ್ಕನ ಮದುವೆಯಲ್ಲಿ ಉಟ್ಟಿದ್ದ ರೇಷ್ಮೆ ಸೀರೆ ಉಟ್ಟಿದ್ದೆ. ಭಾಯ್ ಬಿಳಿ ಜುಬ್ಬಾ ಹಾಕಿ, ಅತ್ತರು ಪೂಸಿಕೊಂಡು ಬಂದಿದ್ದರು. ಮೊಟ್ಟಮೊದಲ ಸಲ ನಾವು ಮುಂಬಾಗಿಲಿನ ಲಿಫ್ಟಿನಲ್ಲಿ ಹೋದೆವು. ಅದರಲ್ಲಿ ಕನ್ನಡಿ ಇತ್ತು. ಭಾಯ್ ಗಡ್ಡ ಸರಿಮಾಡಿಕೊಂಡರು. ನನ್ನ ವ್ಯಾನಿಟಿ ಬ್ಯಾಗಿನಲ್ಲಿ ಎರಡು ಥರ್ಮಾಮೀಟರ್ ಜೋಡಿಸಿದ, ಗಿಲಕಿಯಂತೆ ತಿರುಗಿಸುವ ಸಾಧನವಿತ್ತು. ಒಂದರ ತುದಿಗೆ ಒದ್ದೆ ಬಟ್ಟೆ ಸುತ್ತಿರುತ್ತದೆ. ಒಂದು ನಿಮಿಷ ಗಿರಗಿರ ತಿರುಗಿಸಿ ಎರಡನ್ನೂ ಓದಿದರೆ ಗಾಳಿಯಲ್ಲಿ ಎಷ್ಟು ತೇವವಿದೆ ಎಂದು ತಿಳಿಯುತ್ತದೆ.

ಏಳು ಗಂಟೆಗೆ ಗಾಜು ಶುಭ್ರವಾಗಿತ್ತು. ಮೂರು ವಾರದಿಂದ ಆ ಹಾಲಿನಲ್ಲಿ ಓಡಾಡಿದ್ದರೂ ಕೂತು ಹೊರಗೆ ನೋಡಿದ್ದು ಅಂದೇ. ಕೆರೆಯ ನಡುವಿನ ದ್ವೀಪಗಳು ಕಪ್ಪಾಗುತ್ತಿದ್ದವು. ಅದರ ದಂಡೆಯ ರಸ್ತೆಯಲ್ಲಿ ನಾನು ದಿನಾ ನೇತಾಡಿಕೊಂಡು ಹೋಗುವಂಥ ಬಸ್ಸು ಬೆರಳುದ್ದವಾಗಿ ತೆವಳುತ್ತಿತ್ತು. ಇಷ್ಟು ಚೆಂದ ಎಂದು ಗೊತ್ತಿರಲಿಲ್ಲ. ಎದ್ದು ಹೋದ ಆ ಅಜ್ಜಿಯ ನೆನಪಾಯಿತು.

ಸ್ವೀಟ್ ಕಾರ್ನ್ ಸೂಪು, ಅಣಬೆಯ ಡಿಮ್ಸಮ್, ವೆಜಿಟೇಬಲ್ ನೂಡಲ್ಸು ಹೇಳಿದೆವು. ಭಾಯ್ ಚಾಪ್‌ಸ್ಟಿಕ್ ಎತ್ತಿಕೊಂಡು ಒಂದೇ ಸಲಕ್ಕೆ ಡಿಮ್ಸಮ್ ಹಿಡಿದರು. ನಾನು ಬಾಯಿ ಬಿಟ್ಟು ನೋಡಿದೆ.

"ಪ್ಯಾನಲ್ ಒಳಗೆ ಸ್ಕ್ರೂ ಬಿದ್ರೆ ಎರಡು ಸ್ಕ್ರೂಡ್ರೈವರಲ್ಲಿ ಎತ್ತಲ್ವಾ? ಇದೂ ಅದೇ," ಅಂದರು.

ಏಳೂವರೆಗೆ ಗಾಜಿನ ಬುಡದಲ್ಲಿ ಮಬ್ಬು ಕಾಣಿಸಿತು. ಅಂಗೈ ಅಗಲದಿಂದ ಮೊಳದೆತ್ತರಕ್ಕೆ ಬೆಳೆಯಿತು. ಪಕ್ಕದ ಟೇಬಲ್ಲಿನ ಹೆಂಗಸು ಸ್ಟುವರ್ಡನ್ನು ಕರೆದರು. "ಏನ್ರೀ ಇದು, ಕೆರೆ ಅರ್ಧ ಹೋಯ್ತಲ್ರೀ?" ಸ್ಟುವರ್ಡ್ ತಲೆ ಬಾಗಿಸಿ, ಮೂಲೆಯ ಫೋನೆತ್ತಿ ಏನೋ ಹೇಳಿದ. ಹತ್ತು ನಿಮಿಷವಾಗಿರಲಿಲ್ಲ, ಗಿಡಗಳ ಸಂದಿಯಿಂದ ಇನ್ನೂ ತಣ್ಣನೆಯ ಗಾಳಿ ಬೀಸಿತು.

"ಮೇಡಂ, ಕಾಲು ಠಂಡಾ ಆಯ್ತು," ಎಂದರು ಭಾಯ್.

ಮಂಜು ಎದೆಮಟ್ಟಕ್ಕೆ ಏರಿತು. ಹೆಂಗಸು ಮತ್ತೆ ಕರೆದರು. ಸ್ಟುವರ್ಡ್ ಮತ್ತೆ ಫೋನ್ ಮಾಡಿದ. ಇನ್ನಷ್ಟು ತಂಪು, ಇನ್ನಷ್ಟು ಮಂಜು. ಎಂಟು ಗಂಟೆಯ ಹೊತ್ತಿಗೆ ಕೆರೆಯೂ ಇಲ್ಲ, ಇಂದಿರಾನಗರವೂ ಇಲ್ಲ. ನಾನು ಕುರ್ಚಿಯಿಂದ ಎದ್ದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಗಿಡಗಳ ಮೇಲೆ ಬಗ್ಗಿ ಕರವಸ್ತ್ರದಿಂದ ಗಾಜನ್ನು ಜೋರಾಗಿ ಒರೆಸಿದೆ. ಮಂಜು ಅಲ್ಲಾಡಲಿಲ್ಲ. ಕರವಸ್ತ್ರ ಭಾಯ್ ಕೈಗೆ ಕೊಟ್ಟೆ. ಅವರು ಹಿಂಡಿ ನೋಡಿದರು.

"ಸೂಖಾ ಇದೆ ಮೇಡಂ. ಒಣಾ ಒಣ."

ಮಂಜು ಗಾಜಿನ ಹೊರಮೈಯಲ್ಲಿತ್ತು.

ಬೆಂಕಿ ಬಿದ್ದರೆ ಇಳಿಯಲೆಂದಿದ್ದ ಹೊರಮೆಟ್ಟಿಲಿನ ಬಾಗಿಲು ದೂಡಿ ಹೊರಗಿನ ಗಾಳಿಗೆ ಹೋದೆ. ರೇಷ್ಮೆ ಸೀರೆಯಲ್ಲಿ ನಿಂತು ಗಿಲಕಿ ತಿರುಗಿಸಿದೆ. ಮಳೆ ನಿಂತ ಹೊರಗಾಳಿ ನೀರು ಕುಡಿದು ತೊಯ್ದಂತಿತ್ತು, ಇಪ್ಪತ್ತು ಡಿಗ್ರಿಗಿಂತ ತಣ್ಣಗಿರುವ ಯಾವುದಕ್ಕೆ ತಾಗಿದರೂ ಹನಿಯಾಗಲು ಸಿದ್ಧ. ಒಳಗಿನಿಂದ ಹದಿನಾಲ್ಕು ಡಿಗ್ರಿಯ ಗಾಳಿಯನ್ನು ನಾವು ನೇರ ಗಾಜಿಗೆ ಊದುತ್ತಿದ್ದೆವು. ಫ್ರಿಜ್ಜಿನಿಂದ ತೆಗೆದಿಟ್ಟ ಬಾಟಲಿಯ ಹೊರಗೆ ನೀರು ಕೂರುವುದು ಮಕ್ಕಳಿಗೂ ಗೊತ್ತು. ತಂಪು ಮಾಡಿದಷ್ಟೂ ಮಂಜು ಹೆಚ್ಚುತ್ತದೆ. ಅಡುಗೆಮನೆ, ಹಬೆ, ಮೈದಾ ಚೀಲ ಯಾವುದಕ್ಕೂ ಇದಕ್ಕೂ ಸಂಬಂಧವೇ ಇರಲಿಲ್ಲ.

ಒಳಗೆ ಬಂದು ಸ್ಟುವರ್ಡನ್ನು ಕೇಳಿದೆ: "ಫೋನಲ್ಲಿ ಏನು ಹೇಳಿದ್ರಿ?"

"ಎಸಿ ರೂಮಿಗೆ ಮೇಡಂ. ಮಂಜು ಬಂದಿದೆ ಅಂದೆ ಅಷ್ಟೆ. ಅಲ್ಲಿ ಪೇಪರ್ ಅಂಟಿಸಿದಾರಂತೆ, ಬಂದಾಗೆಲ್ಲಾ ಎರಡು ಡಿಗ್ರಿ ಇಳಿಸ್ಬೇಕಂತೆ. ಪಾಪ, ಅವ್ರು ಹೇಳಿದ ತಕ್ಷಣ ಇಳಿಸ್ತಾರೆ."

ನಾಚಿಕೆಯಿಂದ ಕಿವಿ ಕಾದವು. ನೂಡಲ್ಸ್ ಆಗಷ್ಟೇ ಬಂದಿತ್ತು, ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಹಾಗೇ ಬಿಟ್ಟು ಅಡುಗೆಮನೆಯ ಮೂಲಕ ನಮ್ಮ ಹಳೆಯ ಲಿಫ್ಟು ಹಿಡಿದು ನೆಲಮಾಳಿಗೆಗೆ ಇಳಿದೆ. ತಡೆಯಬಂದ ಸೆಕ್ಯುರಿಟಿಯವನಿಗೆ ಏನು ಬೈದೆನೋ ನೆನಪಿಲ್ಲ.

ಪ್ಲಾಂಟಿನ ಸದ್ದಿನಲ್ಲಿ ಐವತ್ತು ದಾಟಿದ ಒಬ್ಬರು ಸ್ಟೂಲಿನ ಮೇಲೆ ಕೂತು ಏನೋ ಬರೆಯುತ್ತಿದ್ದರು. ರೇಷ್ಮೆ ಸೀರೆ ಕಂಡು ಗಾಬರಿಯಿಂದ ಎದ್ದರು. ಹೆಸರು ಹೇಳಿದೆ. ಅವರ ಕಣ್ಣು ಗೋಡೆಯ ಕಡೆ ಹೋಯಿತು. ನನ್ನ ಹಾಳೆ ಅಲ್ಲಿತ್ತು. ಪ್ಲಾಸ್ಟಿಕ್ ಹೊದಿಸಿ, ನಾಲ್ಕು ಮೂಲೆಗೂ ಟೇಪು ಹಾಕಿದ್ದರು.

"ಇದನ್ನ ತಪ್ಪದೆ ಮಾಡ್ತಿದೀನಿ ಮೇಡಂ," ಎಂದರು. "ಒಂದಿನಾನೂ ಬಿಟ್ಟಿಲ್ಲ. ಮಾಡ್ತಿಲ್ಲ ಅಂತ ಯಾರು ಹೇಳಿದ್ರೋ ಗೊತ್ತಿಲ್ಲ."

ಅವರು ಬರೆಯುತ್ತಿದ್ದುದು ಶನಿವಾರದ ಉತ್ತರ. ಪಕ್ಕದಲ್ಲಿ ಹೋಟೆಲಿನ ಲಾಗ್ ಪುಸ್ತಕವಿತ್ತು. ಹೊರಗಿನ ಕಂಪನಿಯವರಿಗೆ ಅದನ್ನು ತೋರಿಸುವ ಹಾಗಿರಲಿಲ್ಲ. ಅವರು ಒಂದು ಕ್ಷಣ ತಡೆದು, ಆಮೇಲೆ ತಿರುಗಿಸಿ ಮುಂದಿಟ್ಟರು. ಪ್ರತಿ ಸಂಜೆಯೂ ನೀಲಿ ಶಾಯಿಯಲ್ಲಿ ದುಂಡನೆಯ ಅಕ್ಷರ. ಏಳೂವರೆ, ದೂರು, ಇಪ್ಪತ್ತೆರಡು. ಏಳು ಐವತ್ತು, ದೂರು, ಇಪ್ಪತ್ತು. ಎಂಟು ಹತ್ತು, ದೂರು, ಹದಿನೆಂಟು. ಅದರ ಮುಂದೆ, "ಇಳಿಸಿದಷ್ಟೂ ಮಂಜು ಜಾಸ್ತಿ ಆಗುತ್ತಿದೆ. ಗಮನಿಸಬೇಕು." ಆ ಸಾಲು ಮೊದಲ ವಾರದಿಂದಲೇ ಇತ್ತು. ಯಾರೂ ಗಮನಿಸಿರಲಿಲ್ಲ.

"ಇಷ್ಟು ಗೊತ್ತಿದ್ದೂ ಯಾಕೆ ಇಳಿಸಿದ್ರಿ?"

"ಬೆಳಗಿನ ಪಾಳಿಯವನಿಗೆ ಹೇಳಿ ಕಳಿಸಿದ್ದೆ. ಸೈನ್ ಇದೆಯಲ್ಲ, ಸುಮ್ನಿರಿ ಅಂದ. ನಾನು ಎಸ್ಸೆಲ್ಸಿ ಫೇಲಾದೋನು ಮೇಡಂ. ಇಂಜಿನಿಯರ್ ಬರ್ದಿದ್ದು ತಪ್ಪು ಅನ್ನೋಕೆ ನಾನ್ಯಾರು?"

ಇಪ್ಪತ್ತೈದಕ್ಕೆ ಏರಿಸಿ, ಗಾಜಿನ ಬುಡದ ಗಾಳಿ ಪೂರ್ತಿ ಮುಚ್ಚಿ ಎಂದೆ. ಅವರು ನನ್ನ ಹಾಳೆಯನ್ನೂ ನನ್ನನ್ನೂ ನೋಡಿದರು. ಟೇಪು ಕಿತ್ತು ಹಾಳೆಯನ್ನು ನಾನೇ ತೆಗೆದೆ. ಆಮೇಲೆ ಅವರು ಏರಿಸಿದರು.

ಮೇಲೆ ಹೋದಾಗ ಭಾಯ್ ಗಾಜಿನ ಕಡೆಗೇ ನೋಡುತ್ತಾ ಕೂತಿದ್ದರು. ನನ್ನ ತಟ್ಟೆಯ ಮೇಲೆ ಇನ್ನೊಂದು ತಟ್ಟೆ ಮುಚ್ಚಿಟ್ಟಿದ್ದರು. ಅರ್ಧ ಗಂಟೆಯ ಮೇಲೆ ಮೊದಲು ಇಂದಿರಾನಗರದ ದೀಪ ಮೂಡಿತು, ಆಮೇಲೆ ಕೆರೆ. ಪಕ್ಕದ ಹೆಂಗಸು, "ಅಬ್ಬಾ, ಈಗ ಕಾಣ್ತು," ಎಂದರು. ಮ್ಯಾನೇಜರ್ ಓಡಿಬಂದರು. ನನ್ನನ್ನು ಸೀರೆಯಲ್ಲಿ ಗುರುತಿಸಲು ಸ್ವಲ್ಪ ಹೊತ್ತು ಹಿಡಿಯಿತು.

"ನೋಡಿದ್ರಾ ಮೇಡಂ? ಮೆಮೋ ಕೊಟ್ಟ ಮೇಲೆ ದಾರಿಗೆ ಬಂದ ನೋಡಿ. ನೀವು ಹೇಳಿದ್ದು ಕರೆಕ್ಟು."

ಹೌದು ಅಂದುಬಿಡುವುದು ಎಷ್ಟು ಸುಲಭವಾಗಿತ್ತು ಎಂದು ಬರೆಯಲು ಈಗಲೂ ಮುಜುಗರ. ಹಳೆಯ ಹಾಳೆ ನನ್ನ ಬ್ಯಾಗಿನಲ್ಲಿತ್ತು. ಹೊಸ ಹಾಳೆ ಅಂಟಿಸಿದರೆ ಕಥೆ ಮುಗಿಯುತ್ತಿತ್ತು. ಮೆಮೋವನ್ನು ಹೇಗಾದರೂ ವಾಪಸ್ ಪಡೆಯುವಂತೆ ಆಮೇಲೆ ಮೆಲ್ಲಗೆ ಹೇಳಬಹುದು ಎಂದೂ ಒಂದು ಕ್ಷಣ ಅಂದುಕೊಂಡೆ. ಭಾಯ್ ತಲೆ ತಗ್ಗಿಸಿ ತಣ್ಣಗಾದ ಚಹಾ ಕುಡಿಯುತ್ತಿದ್ದರು.

"ಅವರು ಮೊದಲಿಂದ್ಲೂ ದಾರಿಯಲ್ಲೇ ಇದ್ರು ಸಾರ್," ಎಂದೆ. "ದಾರಿ ತಪ್ಪಿದ್ದು ನಾನು. ಅವರು ನಾನು ಬರ್ದಿದ್ದನ್ನ ಮಾಡಿದ್ದಕ್ಕೇ ಮಂಜು ಬಂತು. ಇವತ್ತು ಅದನ್ನ ತೆಗ್ದಿದ್ದಕ್ಕೆ ಹೋಯ್ತು."

ಮ್ಯಾನೇಜರ್ ಸುತ್ತಲೂ ನೋಡಿ ದನಿ ತಗ್ಗಿಸಿದರು. "ಇದನ್ನೆಲ್ಲಾ ರೈಟಿಂಗಲ್ಲಿ ಕೊಡ್ಬೇಡಿ ಮೇಡಂ. ಕೊಟ್ರೆ ನಿಮ್ಮ ಆಫೀಸಿಗೂ ಕಳಿಸ್ಬೇಕಾಗತ್ತೆ."

"ಕಳಿಸಿ."

ಸ್ಟುವರ್ಡಿನ ಆರ್ಡರ್ ಪ್ಯಾಡು ಕೇಳಿ ಪಡೆದು, ನೂಡಲ್ಸಿನ ತಟ್ಟೆ ಸರಿಸಿ, ಅಲ್ಲೇ ಬರೆದೆ. ನಾನು ಮಂಜನ್ನು ಕಣ್ಣಾರೆ ನೋಡದೆ ಕೊಟ್ಟ ಸೂಚನೆ ತಪ್ಪು, ಆಪರೇಟರ್ ಅದನ್ನು ಚಾಚೂ ತಪ್ಪದೆ ಪಾಲಿಸಿದ್ದಾರೆ, ತಪ್ಪನ್ನು ಮೊದಲ ವಾರವೇ ಲಾಗ್ ಪುಸ್ತಕದಲ್ಲಿ ಬರೆದಿದ್ದಾರೆ. ಸಹಿ ಹಾಕಿದೆ. ಮೊಹರು ಇರಲಿಲ್ಲ.

ಶನಿವಾರ ಮೆಮೋ ವಾಪಸ್ಸಾಯಿತು. ಸೋಮವಾರ ನಮ್ಮ ಬಾಸ್ ನನ್ನನ್ನು ಆ ಹೋಟೆಲಿನಿಂದ ತೆಗೆದು ದೊಡ್ಡನೆಕ್ಕುಂದಿಯ ಫ್ಯಾಕ್ಟರಿಗಳ ಕೆಲಸಕ್ಕೆ ಹಾಕಿದರು. ಅರ್ಧ ದಿನ ಬೈದರು. ತಪ್ಪು ಮಾಡಿದ್ದಕ್ಕಲ್ಲ, ಬರೆದುಕೊಟ್ಟಿದ್ದಕ್ಕೆ.

ಬೇರೆಯವರಿಗೆ ಕೆಲಸ ವಹಿಸಲು ಕೊನೆಯ ಸಲ ಹೋದಾಗ ವಿಶೇಷ ಅನುಮತಿ ಕೇಳಿ ಎರಡು ಗಂಟೆಯವರೆಗೆ ಕಾದೆ. ಆಪರೇಟರ್ ಬಂದರು, ಬುತ್ತಿ ಚೀಲ ಮೊಳೆಗೆ ಹಾಕಿದರು. ಹೊಸ ಹಾಳೆ ಕೊಟ್ಟೆ. ಮಳೆಯ ಸಂಜೆ ಇಪ್ಪತ್ತೈದಕ್ಕಿಂತ ಕೆಳಗೆ ಇಳಿಸಬಾರದು, ಗಾಜಿನ ಬುಡದ ಗಾಳಿ ಮುಚ್ಚಿರಬೇಕು. ಈ ಸಲ ಎಲ್ಲವನ್ನೂ ಕಣ್ಣಾರೆ ನೋಡಿ, ಅಳೆದು ಬರೆದಿದ್ದೆ. ಅವರು ಎರಡು ಸಲ ಓದಿದರು.

"ಸರಿಯಾಗಿದೆ ಮೇಡಂ. ಆದ್ರೆ ಇದನ್ನ ನಾನು ಅಂಟಿಸಲ್ಲ."

"ಯಾಕೆ?"

"ಚಳಿಗಾಲಕ್ಕೆ ಇದೂ ತಪ್ಪಾಗ್ಬಹುದು. ಆವಾಗ ನೀವು ಇಲ್ಲಿ ಇರಲ್ಲ, ಪೇಪರ್ ಇರತ್ತೆ. ಮೆಮೋ ಬರೋದು ನನಗೆ."

ಮುಖದಲ್ಲಿ ಸಿಟ್ಟಿರಲಿಲ್ಲ. ಹಾಳೆಯನ್ನು ಮಡಿಸಿ, ಎರಡು ಕೈಯಲ್ಲಿ ಹಿಡಿದು ನನಗೆ ವಾಪಸ್ ಕೊಟ್ಟು, ಲಾಗ್ ಪುಸ್ತಕ ತೆರೆದು ಅಂದಿನ ಮೊದಲ ಸಾಲು ಬರೆಯಲು ಕೂತರು.